ನಾಯಿಯ ಕೋಪ, ಕಳವಳ: ಮಾತ್ರೆಯೊಂದೇ ಮದ್ದಲ್ಲ

ದೀಪಾವಳಿಯ ಪಟಾಕಿ ಸದ್ದಿಗೆ ಮಂಚದಡಿ ಸೇರಿ ನಡುಗುವ ನಾಯಿ, ಮನೆಮಂದಿ ಹೊರಟೊಡನೆ ಬಾಗಿಲು ಕೆರೆದು ಊಳಿಡುವ ನಾಯಿ, ಬಂದವರ ಮೇಲೆಲ್ಲ ಎರಗುವ ನಾಯಿ. ಮೂರರ ವರ್ತನೆ ಬೇರೆಯಾದರೂ ಮೂಲ ಬಹುಪಾಲು ಒಂದೇ, ಅದು ಭಯ. ಹೊಡೆತ, ಗದರಿಕೆಗಳಿಂದ ಭಯ ಹೆಚ್ಚುವುದೇ ಹೊರತು ತಗ್ಗದು. ಇಂಥ ನಾಯಿಗಳಿಗೆ ಔಷಧ ನೀಡುವ ಕ್ರಮ ಪಶುವೈದ್ಯರಿಗೆ ಹೊಸದೇನಲ್ಲ.

ನಾಯಿಗಳ ಒಂಟಿತನದ ಆತಂಕಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಕ್ಲೋಮಿಪ್ರಮಿನ್, 2007ರಲ್ಲಿ ಫ್ಲುಯೊಕ್ಸೆಟಿನ್ ಮಾತ್ರೆಗಳಿಗೆ ಒಪ್ಪಿಗೆ ನೀಡಿತು. ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು ಇವುಗಳ ಕೆಲಸ. ದಿನವೂ ಕೊಟ್ಟರೂ ಪರಿಣಾಮ ಕಾಣಲು 4ರಿಂದ 8 ವಾರ ಬೇಕು. ಸದ್ದಿನ ಭಯಕ್ಕಾಗಿ ಕೆನ್ನೆ ಮತ್ತು ಒಸಡಿನ ನಡುವೆ ಹಚ್ಚುವ ಡೆಕ್ಸ್‌ಮೆಡಿಟೊಮಿಡಿನ್ ಜೆಲ್‌ಗೆ 2015ರಲ್ಲಿ ಅಲ್ಲಿ ಅನುಮತಿ ದೊರೆಯಿತು.

ಮಾತ್ರೆ ನಾಯಿಗೆ ಪಾಠ ಕಲಿಸದು. ಭಯ ತಗ್ಗಿಸಿ, ಕಲಿಕೆಗೆ ಅನುವು ಮಾಡಿಕೊಡುತ್ತದೆ ಅಷ್ಟೆ. ಪಟಾಕಿಯ ಧ್ವನಿಮುದ್ರಿಕೆಯನ್ನು ಮೆಲ್ಲಗೆ ಕೇಳಿಸುತ್ತ, ಇಷ್ಟದ ತಿನಿಸು ನೀಡುತ್ತ, ದಿನಕಳೆದಂತೆ ಸದ್ದು ಹೆಚ್ಚಿಸುವ ಅಭ್ಯಾಸ ಜೊತೆಗಿರಬೇಕು. ಕಚ್ಚುವ ನಾಯಿಗೆ ಮಾತ್ರೆ ಆರಂಭಿಸಿದ ಮೇಲೂ ಬಾಯಿಕುಕ್ಕೆ ಬೇಕು. ಮಕ್ಕಳನ್ನು ಅದರೊಂದಿಗೆ ಒಂಟಿಯಾಗಿ ಬಿಡಲಾಗದು.

ಮದ್ದಿಗೆ ಮೊದಲು ಕಾರಣ ತಿಳಿಯುವುದು ಮುಖ್ಯ. ಕಿವಿಯ ಸೋಂಕು, ಕೀಲುನೋವುಗಳೂ ಸಾಧು ನಾಯಿಯನ್ನು ಸಿಡುಕಿಯಾಗಿಸಬಲ್ಲವು. ಲಸಿಕೆಯಿಲ್ಲದ ನಾಯಿ ಹಠಾತ್ತನೆ ಕೆರಳಿದರೆ ಮೊದಲು ಶಂಕಿಸಬೇಕಾದದ್ದು ರೇಬೀಸ್. ಅದು ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯವರ ಮಾತ್ರೆಯನ್ನೇ ನಾಯಿಗೂ ಕೊಡುವ ಸಾಹಸ ಬೇಡ. ಡಯಾಜೆಪಾಮ್‌ನಂಥ ಮದ್ದು ಕೆಲವು ನಾಯಿಗಳ ಅಳುಕನ್ನು ಕಳೆದು, ಬರಿದೆ ಗುರುಗುಟ್ಟುತ್ತಿದ್ದುದನ್ನು ಕಚ್ಚುವಂತೆ ಮಾಡಬಹುದು. ಮಂಪರು ತರಿಸುವ ಅಸಿಪ್ರೊಮಜಿನ್ ಒಂದನ್ನೇ ಕೊಟ್ಟರೆ ಮೈ ಸೋತರೂ ಭಯ ಉಳಿದೀತು. ಉಣ್ಣೆಹುಳುವಿಗೆ ಬಳಸುವ ಅಮಿಟ್ರಾಜ್ ಜೊತೆಗೆ ಫ್ಲುಯೊಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್ ಸೇರುವುದು ಅಪಾಯಕಾರಿ. ಆದುದರಿಂದ ನಾಯಿಯ ಮೈಗೆ ಹಚ್ಚುವ ಔಷಧದ ಹೆಸರನ್ನೂ ವೈದ್ಯರಿಗೆ ತಿಳಿಸಬೇಕು.

ಗುಣ ಕಂಡಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಹಬ್ಬದ ಹಿಂದಿನ ದಿನ ಓಡಿದರೆ ಇದಾವುದಕ್ಕೂ ಸಮಯವಿರದು. ಪಟಾಕಿಗೆ ಹೆದರುವ ನಾಯಿಯಿದ್ದಲ್ಲಿ ಎರಡು ತಿಂಗಳು ಮುಂಚೆಯೇ ಪಶುವೈದ್ಯರನ್ನು ಕಾಣುವುದು ಲೇಸು.