ನಿಮಗಿದು ಗೊತ್ತೆ? ಗಾರೆ ಕೆಲಸಕ್ಕೆ ಲಕ್ಷ ಡಾಲರ್ ಬಿಲ್ಲು!

ನ್ಯೂಯಾರ್ಕಿನಲ್ಲಿ ಒಂದು ಕೋರ್ಟು ಕಟ್ಟಲು 1858ರಲ್ಲಿ ಮಂಜೂರಾದದ್ದು ಎರಡೂವರೆ ಲಕ್ಷ ಡಾಲರ್. ಮುಗಿಯುವ ಹೊತ್ತಿಗೆ ಖರ್ಚು 1 ಕೋಟಿ ದಾಟಿತ್ತು. 1867ರಲ್ಲಿ ಅಮೆರಿಕ ಇಡೀ ಅಲಾಸ್ಕಾವನ್ನೇ ಕೊಂಡದ್ದು 72 ಲಕ್ಷಕ್ಕೆ!

ದುಡ್ಡು ನುಂಗಿದ್ದು ಟಮ್ಮನಿ ಹಾಲ್ ಎಂಬ ರಾಜಕೀಯ ಕೂಟದ ದಣಿ ವಿಲಿಯಂ ಟ್ವೀಡ್ ಮತ್ತವನ ಬಳಗ. ಅವರ ಉಪಾಯ ಇಷ್ಟೆ: ಗುತ್ತಿಗೆದಾರ ಹತ್ತಾರು ಪಟ್ಟು ಉಬ್ಬಿಸಿ ಬಿಲ್ಲು ಬರೆಯಬೇಕು, ನಗರದ ಖಜಾನೆ ಕಣ್ಣುಮುಚ್ಚಿ ಪಾವತಿಸಬೇಕು, ಹೆಚ್ಚುವರಿ ಹಣದ ಬಹುಪಾಲು ಹಿಂಬಾಗಿಲಿನಿಂದ ಬಳಗಕ್ಕೆ ವಾಪಸು ಬರಬೇಕು. ಆಂಡ್ರ್ಯೂ ಗಾರ್ವಿ ಎಂಬ ಗಾರೆ ಗುತ್ತಿಗೆದಾರನಿಗೆ ಎರಡು ದಿನದ ಕೆಲಸಕ್ಕೆ ಸಂದಾಯವಾದ ಮೊತ್ತ 1,33,187 ಡಾಲರ್. ಕೊನೆಯ ಆ 187 ಡಾಲರ್ ನೋಡಿ, ಎಷ್ಟು ಪ್ರಾಮಾಣಿಕ ಲೆಕ್ಕ!

1871ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಈ ಬಿಲ್ಲುಗಳ ಲೆಕ್ಕವನ್ನು ಬಯಲಿಗೆಳೆಯಿತು. ಆದರೆ ಟ್ವೀಡನ ನಿದ್ದೆಗೆಡಿಸಿದ್ದು 'ಹಾರ್ಪರ್ಸ್ ವೀಕ್ಲಿ'ಯ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್. ಓದು ಬಾರದ ಮತದಾರರಿಗೂ ಚಿತ್ರ ಅರ್ಥವಾಗುತ್ತದಲ್ಲ! 1873ರಲ್ಲಿ ಟ್ವೀಡನ ವಿಚಾರಣೆ ನಡೆದದ್ದು, ಇನ್ನೂ ಪೂರ್ತಿಯಾಗದಿದ್ದ ಅದೇ ಕೋರ್ಟು ಕಟ್ಟಡದಲ್ಲಿ.

ಸೆರೆಯಲ್ಲಿದ್ದು, 1875ರಲ್ಲಿ ಕಾವಲಿನವರ ಕಣ್ಣುತಪ್ಪಿಸಿ ಓಡಿದ ಆಸಾಮಿ ಕ್ಯೂಬಾ ದಾಟಿ ಸ್ಪೇನ್ ಸೇರಿದ. ಅಲ್ಲಿ ಅವನ ಗುರುತು ಹಿಡಿಯಲು ನೆರವಾದದ್ದೂ ನಾಸ್ಟನ ಒಂದು ಚಿತ್ರವೇ. ಹಿಡಿದು ವಾಪಸು ತಂದ ಮೇಲೆ, 1878ರಲ್ಲಿ ಅವನು ನ್ಯೂಯಾರ್ಕಿನ ಜೈಲಿನಲ್ಲೇ ಸತ್ತ. ಕಟ್ಟಡ ಈಗಲೂ ಇದೆ. ಜನ ಅದನ್ನು ಕರೆಯುವುದು 'ಟ್ವೀಡ್ ಕೋರ್ಟ್‌ಹೌಸ್' ಎಂದೇ.