ಬಾಯಾರಿಕೆಯನ್ನರಿಯದ ನಾಯಿಮರಿಗಳು

ನೀರು ತುಂಬಿದ ಬೋಗುಣಿಯನ್ನು ಮುಂದಿಟ್ಟರೆ ಮರಿಯು ತನಗೆ ಬೇಕಾದಷ್ಟನ್ನು ತಾನೇ ಕುಡಿಯುವುದೆಂದು ನಾಯಿ ಸಾಕುವವರು ನಂಬಿರುವುದು ಸಹಜವಾದುದು. ಆದರೆ ಹುಟ್ಟಿನಿಂದಲೇ ಬಾಯಾರಿಕೆಯ ಅರಿವಿಲ್ಲದ ಮರಿಗಳೂ ಅಪೂರ್ವವಾಗಿ ಉಂಟು. ಇಂತಹವು ಬೋಗುಣಿಯ ಪಕ್ಕದಲ್ಲಿಯೇ ಮಲಗಿದ್ದು, ನೀರಿಲ್ಲದೆ ಪ್ರಾಣ ಬಿಡಬಹುದು. ದೋಷವಿರುವುದು ಮಿದುಳಿನಲ್ಲಿ.

ಕಾರಣ.— ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಸಣ್ಣ ಭಾಗವುಂಟು. ಉಪ್ಪಿನ ಮುಖ್ಯಾಂಶವಾದ ಸೋಡಿಯಂ ರಕ್ತದಲ್ಲಿ ಸ್ವಲ್ಪ ಹೆಚ್ಚಿದೊಡನೆ ಇದು ಬಾಯಾರಿಕೆಯನ್ನುಂಟುಮಾಡುವುದಲ್ಲದೆ, ಮೂತ್ರದಲ್ಲಿ ನೀರು ವ್ಯರ್ಥವಾಗದಂತೆ ತಡೆಯುವ ಹಾರ್ಮೋನನ್ನೂ ರಕ್ತಕ್ಕೆ ಬಿಡಿಸುವುದು. ಹೀಗೆ ಆರೋಗ್ಯವಾದ ನಾಯಿಯ ರಕ್ತದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140ರಿಂದ 155 ಮಿಲಿಮೋಲ್‌ಗಳಷ್ಟಿರುವುದು. ಗರ್ಭದಲ್ಲಿ ಮುಂಮಿದುಳು ಎಡ ಬಲ ಭಾಗಗಳಾಗಿ ಸರಿಯಾಗಿ ಬೇರ್ಪಡದಿದ್ದರೆ ಈ ಏರ್ಪಾಡೂ ಕೆಡಬಹುದು. ಈ ವಿಕೃತಿಗೆ ಹೊಲೊಪ್ರೊಸೆನ್ಸೆಫಲಿ ಎಂದು ಹೆಸರು. ಜರ್ಮನಿಯ ಮೂಲದ ಮಿನಿಯೇಚರ್ ಷ್ನೌಜರ್ ತಳಿಯಲ್ಲಿ ಇದು ಹಲವು ಬಾರಿ ಕಂಡುಬಂದಿದೆ. ಅಂತಹ ಒಂದು ನಾಯಿಯ ವೃತ್ತಾಂತವನ್ನು ಅಮೆರಿಕದ ಪಶುವೈದ್ಯರು 2003ರಲ್ಲಿ ಪ್ರಕಟಿಸಿದರು.

ಲಕ್ಷಣಗಳು.— ಮರಿಯು ಮಂಕಾಗಿ, ಆಟವನ್ನು ಬಿಟ್ಟು, ತೂಕದಲ್ಲಿ ಏಳಿಗೆ ಹೊಂದದೆ ಇರುವುದು. ನಡಿಗೆ ತಡವರಿಸುವುದು. ಸೋಡಿಯಂ 170ನ್ನು ಮೀರಿದರೆ ಸೆಳವು ಬಂದು ಎಚ್ಚರ ತಪ್ಪುವುದೂ ಉಂಟು. ವಾಂತಿ ಭೇದಿಗಳಿಂದಲೂ, ಉಪ್ಪನ್ನು ಹೆಚ್ಚಾಗಿ ತಿಂದುದರಿಂದಲೂ ಇದೇ ಸ್ಥಿತಿಯುಂಟಾಗಬಹುದಾದುದರಿಂದ ರಕ್ತಪರೀಕ್ಷೆ ಅವಶ್ಯಕ. ಮಿದುಳಿನ ವಿಕೃತಿಯು ಎಂ.ಆರ್.ಐ. ಚಿತ್ರದಿಂದ ಗೊತ್ತಾಗುವುದು.

ಚಿಕಿತ್ಸೆ.— ಇಲ್ಲಿ ಅವಸರವೇ ಅಪಾಯಕರ. ಸೋಡಿಯಂ ಹಲವು ದಿನಗಳಿಂದ ಏರಿದ್ದಲ್ಲಿ ಮಿದುಳಿನ ಕಣಗಳು ಆ ಸ್ಥಿತಿಗೆ ಒಗ್ಗಿಕೊಂಡಿರುವುವು. ಒಮ್ಮೆಲೇ ಬಹಳ ನೀರು ಸೇರಿದರೆ ಅವು ನೀರನ್ನು ಹೀರಿ ಊದಿಕೊಳ್ಳುವುವು. ಇದರಿಂದ ಮರಣವೂ ಸಂಭವಿಸಬಹುದು. ಆದಕಾರಣ ವೈದ್ಯರು ಗಂಟೆಗೆ ಅರ್ಧ ಮಿಲಿಮೋಲ್‌ಗಿಂತ ಹೆಚ್ಚಾಗದಂತೆ, ಎಂದರೆ ದಿನಕ್ಕೆ 12ನ್ನು ಮೀರದಂತೆ, ಸೋಡಿಯಮನ್ನು ಇಳಿಸುವರು. ಮನೆಯಲ್ಲಿ ಬಲವಂತವಾಗಿ ನೀರನ್ನು ಗಂಟಲಿಗೆ ಸುರಿಯಕೂಡದು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿ ಮಾಡಿಸುವುದಕ್ಕಾಗಿ ಉಪ್ಪುನೀರನ್ನು ಯಾವ ನಾಯಿಗೂ ಕುಡಿಸಕೂಡದು.

ಮಿದುಳಿನ ದೋಷವನ್ನು ತಿದ್ದಲು ಸಾಧ್ಯವಿಲ್ಲ. ಆದರೂ ಸೋಡಿಯಂ ಹದಕ್ಕೆ ಬಂದ ಬಳಿಕ ಆಹಾರದಲ್ಲಿಯೇ ನೀರನ್ನು ಅಳತೆಯಾಗಿ ಬೆರೆಸಿ ಕೊಟ್ಟು ಕೆಲವು ನಾಯಿಗಳನ್ನು ಬದುಕಿಸಿಕೊಳ್ಳಬಹುದು. ಬೆಳೆದ ನಾಯಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ಸುಮಾರು 50ರಿಂದ 60 ಮಿಲಿಲೀಟರು ನೀರು ಬೇಕು. 5 ಕಿಲೋಗ್ರಾಂ ತೂಗುವ ನಾಯಿಗೆ 250ರಿಂದ 300 ಮಿಲಿಲೀಟರು. ಮರಿಗಳಿಗೆ ಇದಕ್ಕಿಂತ ಹೆಚ್ಚು ಬೇಕಾದುದರಿಂದ ಅಳತೆಯನ್ನು ವೈದ್ಯರಿಂದಲೇ ತಿಳಿಯತಕ್ಕದ್ದು. ಈ ಉಪಚಾರವು ಜೀವಮಾನವೆಲ್ಲ ನಡೆಯಬೇಕು. ಆಗಾಗ್ಗೆ ರಕ್ತಪರೀಕ್ಷೆಯೂ ಆಗಬೇಕು. ಇಂತಹ ನಾಯಿಯನ್ನು ಸಂತಾನಕ್ಕೆ ಬಿಡತಕ್ಕದ್ದಲ್ಲ.

ಎಚ್ಚರಿಕೆ.— ನೀರು ಮುಟ್ಟದೆ ಸೆಳವಿಗೊಳಗಾದ ಮರಿಯನ್ನು ಕಂಡೊಡನೆ ಹುಚ್ಚುನಾಯಿಯೆಂದು ಹೊಡೆದು ಕೊಲ್ಲುವುದು ತಪ್ಪು. ರೇಬೀಸ್ ಅಲ್ಲವೆಂದು ತಾವೇ ನಿರ್ಧರಿಸಿ ಅದರ ಬಾಯಿಗೆ ಕೈಯಿಡುವುದು ಅದಕ್ಕಿಂತಲೂ ದೊಡ್ಡ ತಪ್ಪು. ಅದನ್ನು ಪ್ರತ್ಯೇಕವಾಗಿಟ್ಟು ಪಶುವೈದ್ಯರನ್ನು ಕರೆಯಿಸಬೇಕು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.