ನೆನಪಿನ ಪರೀಕ್ಷೆ: ಮನೆಮಾತಿನಲ್ಲೇ ಆಗಲಿ



ಹೊಲದ ಮೋಟಾರಿಗೆ ಹೋಗುವ ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋದರೆ ಏನಾಗುತ್ತದೆ? ಕರೆಂಟು ಸರಿಯಾಗಿ ಮುಟ್ಟುವುದಿಲ್ಲ. ಮೋಟಾರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ನಮ್ಮ ಮಿದುಳು, ಬೆನ್ನುಹುರಿಗಳ ನರಗಳಿಗೂ ಮಯಲಿನ್ ಎಂಬ ಇಂಥದೇ ಹೊದಿಕೆ ಇದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಈ ಹೊದಿಕೆಯನ್ನು ಕೆಡಿಸುವ ಕಾಯಿಲೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್., ಎನ್ನುತ್ತಾರೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಇದು ಶುರುವಾಗುತ್ತದೆ. ಇದು ಅಂಟುರೋಗವಲ್ಲ, ಶಾಪವೂ ಅಲ್ಲ.

ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೋಲ ತಪ್ಪುವುದು ಹೊರಗೆ ಕಾಣುವ ಲಕ್ಷಣಗಳು. ಕಾಣದ ತೊಂದರೆ ಇನ್ನೊಂದಿದೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಯೋಚನೆಯ ವೇಗ ತಗ್ಗುತ್ತದೆ, ಹೊಸ ಸಂಗತಿ ನೆನಪಿನಲ್ಲಿ ನಿಲ್ಲುವುದಿಲ್ಲ. ಒಲೆಯ ಮೇಲೆ ಹಾಲು ಇಟ್ಟು ಮರೆತ ಸೊಸೆಗೆ 'ಲಕ್ಷ್ಯವಿಲ್ಲ' ಎಂಬ ಬೈಗುಳ, ಅಡತಿಯಲ್ಲಿ ತೊಗರಿಯ ಲೆಕ್ಕಕ್ಕೆ ತಡವರಿಸಿದ ಮಗನಿಗೆ 'ಸೋಮಾರಿ' ಎಂಬ ಹೆಸರು. ರೋಗದ ತಪ್ಪು ರೋಗಿಯ ತಲೆಗೆ ಬರುತ್ತದೆ.

ಇದನ್ನು ಬೇಗ ಗುರುತಿಸಲು ಸರಳ ಪರೀಕ್ಷೆಗಳಿವೆ. ಒಂದರಲ್ಲಿ 9 ಗುರುತುಗಳಿಗೆ 1ರಿಂದ 9ರವರೆಗೆ ಅಂಕಿ ಕೊಟ್ಟಿರುತ್ತಾರೆ. ಗುರುತು ನೋಡಿ ಅದರ ಅಂಕಿಯನ್ನು 90 ಸೆಕೆಂಡಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೇಳಬೇಕು. ಇನ್ನೊಂದರಲ್ಲಿ ಶಬ್ದಗಳ ಪಟ್ಟಿ ಕೇಳಿ ತಿರುಗಿ ಹೇಳಬೇಕು, ಮತ್ತೊಂದರಲ್ಲಿ ಆಕೃತಿಗಳನ್ನು ನೋಡಿ ನೆನಪಿನಿಂದ ಬರೆಯಬೇಕು. ಮೂರಕ್ಕೂ ಸೇರಿ ಸುಮಾರು ಕಾಲು ಗಂಟೆ ಸಾಕು. ರೋಗ ಗೊತ್ತಾದಾಗಲೇ ಒಮ್ಮೆ, ಮುಂದೆ ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು 2018ರಲ್ಲಿ ಅಮೆರಿಕದ ರಾಷ್ಟ್ರೀಯ ಎಂ.ಎಸ್. ಸಂಸ್ಥೆ ಸಲಹೆ ಮಾಡಿತು.

ಆದರೆ ಇಂಗ್ಲಿಷಿನ ಪರೀಕ್ಷೆಯನ್ನು ಶಬ್ದಕ್ಕೆ ಶಬ್ದ ಬದಲಿಸಿದರೆ ಸಾಲದು. ಒಂದು ಭಾಷೆಯಲ್ಲಿ ದಿನಬಳಕೆಯ ಗಿಡ್ಡ ಶಬ್ದ ಇನ್ನೊಂದರಲ್ಲಿ ಉದ್ದವಾಗಬಹುದು, ಅಪರೂಪದ್ದಾಗಬಹುದು. ಅದಕ್ಕಾಗಿಯೇ ಇರಾನಿನ ವೈದ್ಯರು ಇಂಥ ಪರೀಕ್ಷೆಗಳ ಪರ್ಷಿಯನ್ ರೂಪ ಸಿದ್ಧಪಡಿಸಿ, ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿ, 2012ರಲ್ಲಿ ಪ್ರಕಟಿಸಿದರು. ಅದೇ ಭಾಷೆಯ, ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಜೊತೆ ತೂಗಿದಾಗಲೇ ಅಂಕಗಳಿಗೆ ಅರ್ಥ.

ಈ ಮಾತು ದುಧನಿಯವರಿಗೆ ಬೇಗ ತಿಳಿಯುತ್ತದೆ. ನಮ್ಮಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಕನ್ನಡ ಶಾಲೆಯ ಅಂಕಿ ಒಂದು ಬಗೆ, ಎಸ್.ಟಿ. ಬಸ್ಸಿನ ಮೇಲಿನ ಮರಾಠಿ ಅಂಕಿ ಇನ್ನೊಂದು ಬಗೆ, ಮೊಬೈಲಿನ ಅಂಕಿ ಮತ್ತೊಂದು ಬಗೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ತಾಯಿಯನ್ನು ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಪರೀಕ್ಷಿಸಿದರೆ, ಅವಳ ತಡವರಿಕೆ ರೋಗದ್ದೋ ಭಾಷೆಯದೋ? ಇಲ್ಲದ ರೋಗ ಇದೆ ಎನ್ನಿಸಬಹುದು. ಇರುವ ತೊಂದರೆಯನ್ನು 'ಭಾಷೆ ಬರುವುದಿಲ್ಲ' ಎಂದು ತಳ್ಳಿಹಾಕಲೂಬಹುದು. ಎರಡರಲ್ಲೂ ನಷ್ಟ ರೋಗಿಗೇ. ಮುಪ್ಪಿನ ಮರೆವಿನ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲೂ ಸಿದ್ಧವಾಗಿವೆ.

ಆದ್ದರಿಂದ ಓದುಗರು ಇಷ್ಟು ನೆನಪಿಡಬೇಕು:

1. ಪರೀಕ್ಷೆಗೆ ಮುನ್ನ ಮನೆಮಾತು ಯಾವುದು, ಎಷ್ಟು ಓದಿದ್ದು, ಯಾವ ಅಂಕಿ ರೂಢಿ ಎಂದು ವೈದ್ಯರಿಗೆ ತಿಳಿಸಿ.

2. ಚಷ್ಮಾ ಇದ್ದರೆ ಒಯ್ಯಿರಿ. ಕೈ ನಡುಗುತ್ತಿದ್ದರೆ ಬಾಯಿಂದ ಉತ್ತರ ಹೇಳಲು ಅವಕಾಶ ಕೇಳಿ.

3. ನಿದ್ದೆಗೇಡು, ಆಯಾಸ, ಮನಸ್ಸಿನ ಖಿನ್ನತೆ, ಥೈರಾಯಿಡ್ ದೋಷ, ಬಿ-12 ಕೊರತೆಗಳಿಂದಲೂ ಮರೆವು ಬರುತ್ತದೆ. ಅವನ್ನೂ ನೋಡಿಸಿ.

4. ಜೊತೆಗೆ ಹೋದವರು ರೋಗಿಯ ಪರವಾಗಿ ಉತ್ತರ ಹೇಳಬಾರದು. ಮನೆಯಲ್ಲಿ ಕಂಡ ಬದಲಾವಣೆಯನ್ನು ಆಮೇಲೆ ಬೇರೆಯಾಗಿ ಹೇಳಿ.

5. ಅಂಕ ಕಡಿಮೆ ಬಂದರೆ ಅದೇ ತೀರ್ಪಲ್ಲ. ಅದು ಪೂರ್ಣ ತಪಾಸಣೆ ಬೇಕೆಂಬ ಸೂಚನೆ ಮಾತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಸೇರಿದೆ ಎಂಬುದನ್ನೂ ತಿಳಿದಿರಿ. ಮನೆಯಲ್ಲಿ ಇಂಥವರಿದ್ದರೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಬೇಕಾದದ್ದನ್ನು ಬರೆದಿಡಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕೊಡಿ. ಬೈಗುಳ ಯಾರ ನೆನಪನ್ನೂ ಚುರುಕು ಮಾಡಿಲ್ಲ.